ಧಾರೆಯ ಹೊತ್ತಿಗೆ ನಿಲ್ಲದ ಕ್ಯಾಮೆರಾ

ಹೊನ್ನಾವರದ ಗೇರುಸೊಪ್ಪ ಸರ್ಕಲ್ಲಿನಿಂದ ಪೇಟೆಯೊಳಗೆ ನಾಲ್ಕು ಹೆಜ್ಜೆ ಬಂದರೆ ನಮ್ಮಿಬ್ಬರ ಅಂಗಡಿಗಳು ಒಂದೇ ಗೋಡೆಯ ಎರಡು ಬದಿಗೆ ಇವೆ. ಎಡಗಡೆಯದು ನನ್ನ ಪ್ರೆಸ್ಸು. ನಾನು ಗುರುದತ್ತ ಶಾನಭಾಗ, ಮೂವತ್ತನಾಲ್ಕು ವರ್ಷಗಳಿಂದ ಈ ತಾಲೂಕಿನವರ ಲಗ್ನಪತ್ರಿಕೆ ಮುದ್ರಿಸುತ್ತ ಬಂದವನು. ಬಲಗಡೆಯದು ದೇವಪ್ಪ ನಾಯ್ಕನ ಸ್ಟುಡಿಯೋ. ನಾನು ಮುದ್ರಿಸಿದ ಲಗ್ನಗಳನ್ನು ಅವನು ವಿಡಿಯೋ ಮಾಡುತ್ತಾನೆ. ಪತ್ರಿಕೆಯಲ್ಲಿ ಒಂದು ಹೆಸರು ಬಿಟ್ಟುಹೋದರೆ ನನಗೆ ಬೈಗುಳ, ವಿಡಿಯೋದಲ್ಲಿ ಒಂದು ಮುಖ ಬಿಟ್ಟುಹೋದರೆ ಅವನಿಗೆ. ಇಬ್ಬರೂ ಬೈಸಿಕೊಂಡು ಬೈಸಿಕೊಂಡು ದಣಿದಿದ್ದೇವೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ನನ್ನ ಅಂಗಡಿಗೆ ಬಂದು ಕಾಗದದ ಬಂಡಲಿನ ಮೇಲೆ ಕೂತುಕೊಳ್ಳುತ್ತಾನೆ. ಮಾತು ಕಡಿಮೆ. ಇಬ್ಬರೂ ಫ್ಯಾನಿನ ಗಾಳಿ ಕುಡಿಯುತ್ತ ಕೂತಿರುತ್ತೇವೆ, ಅಷ್ಟೆ.

ದೇವಪ್ಪನಿಗೆ ಈಗ ಐವತ್ತನಾಲ್ಕು. ಇಪ್ಪತ್ತಾರು ವರ್ಷ ಬಲಹೆಗಲ ಮೇಲೆ ಆರು ಕೇಜಿ ಹತ್ತಿರದ ಕ್ಯಾಮೆರಾ ಹೊತ್ತವನು. ನೇರ ನಿಂತರೂ ಅವನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿರುತ್ತದೆ. ದರ್ಜಿ ಅಂಗಿಯ ಅಳತೆ ತೆಗೆಯುವಾಗ ಪ್ರತಿಸಲವೂ ನೆಟ್ಟಗೆ ನಿಲ್ಲು ಎನ್ನುತ್ತಾನಂತೆ. ಆ ಕ್ಯಾಮೆರಾ ಹೊತ್ತು ಅವನು ಮಂಟಪಕ್ಕೆ ಬಂದರೆ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಭಟ್ಟರು ಮಂತ್ರ ನಿಲ್ಲಿಸಿ ಅವನ ಮುಖ ನೋಡಿ, ಅವನು ತಲೆ ಆಡಿಸಿದ ಮೇಲೆ ಮುಂದುವರಿಯುತ್ತಿದ್ದರು. ಊಟದ ಪಂಕ್ತಿಯಲ್ಲಿ ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಒಬ್ಬೊಬ್ಬರ ಮುಖವನ್ನೂ ಹಿಡಿಯುತ್ತ ನಡೆಯುವುದು ಅವನ ಪದ್ಧತಿ. ಅನ್ನ ಬಾಯಿಗಿಡುವಾಗ ತೆಗೆಯಬೇಡ ಮಾರಾಯಾ ಎಂದು ಎಷ್ಟು ಜನ ಹೇಳಿದರೂ ಕೇಳಿದವನಲ್ಲ. ಆ ಪಂಕ್ತಿಯಲ್ಲಿ ಕೂತವರಲ್ಲಿ ಯಾರೋ ಒಬ್ಬರು ತೀರಿಕೊಂಡಾಗ, ಅವರ ಮನೆಯವರು ಹುಡುಕಿಕೊಂಡು ಬರುವುದು ಇವನ ಸ್ಟುಡಿಯೋಕ್ಕೇ. ಅಪ್ಪ ಸಾರು ಸೊರ್ರನೆ ಕುಡಿಯುತ್ತ ನಗುವುದನ್ನು ನೋಡಿ ಅತ್ತವರನ್ನು ನಾನೇ ಕಂಡಿದ್ದೇನೆ.

ಕಳೆದ ವರ್ಷ ಮಾಘದಲ್ಲಿ ಸಂತೆಗುಳಿಯ ಒಂದು ಮದುವೆ ಮುಗಿಸಿ ಬಂದವನಿಗೆ ಮಾರನೆಯ ದಿನ ಬಲಗೈ ಎತ್ತಲಿಕ್ಕೇ ಆಗಲಿಲ್ಲ. ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿದ. ಕುಮಟೆಯ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ ನೋಡಿ, ಕುತ್ತಿಗೆಯ ನರ ಒತ್ತಿಕೊಂಡಿದೆ, ಭುಜವೂ ಬಿಗಿದಿದೆ, ಇನ್ನು ಭಾರ ಹೊತ್ತರೆ ಕೈ ಪೂರ್ತಿ ಬಿದ್ದುಹೋಗುತ್ತದೆ ಎಂದು ಹೇಳಿ ಕಳಿಸಿದರು.

"ಎಂತ ಮಾಡ್ತೆ ಹಾಗಾದ್ರೆ?" ಎಂದು ಕೇಳಿದೆ.

"ಸಣ್ಣ ಕ್ಯಾಮೆರಾ ತಗೊಳ್ಬೇಕು. ಈಗಿನ ಹುಡುಗ್ರು ಹಿಡಿತ್ರಲ್ಲ, ಅಂಗೈಯಷ್ಟೇ ಇರ್ತದಲ್ಲ, ಅದು," ಎಂದ. ಸೋತವನ ದನಿ. "ಒಂದು ಲೆಕ್ಕದಲ್ಲಿ ಸುಮ್ನಾಗೂದೇ ಚಲೋದು ಶಾನಭಾಗರೆ. ಆದ್ರೆ ಗಂಗಾನ ಮಗಳ ಮದ್ವೆ ಅದೆ."

ಗಂಗಾ ಅವನ ತಂಗಿ. ಭಟ್ಕಳದ ಈಚೆ ಶಿರಾಲಿಯಲ್ಲಿ ಮನೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಲಾರಿ ಓಡಿಸುತ್ತಿದ್ದ ಗಂಡ ಹನ್ನೊಂದು ವರ್ಷದ ಹಿಂದೆ ಎದೆನೋವೆಂದು ಮಲಗಿದವನು ಏಳಲಿಲ್ಲ. ಒಬ್ಬಳೇ ಮಗಳು ಧನ್ಯಶ್ರೀ, ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಕುಮಟೆಯ ಕಡೆಯ ಗಂಡು ಗೊತ್ತಾಗಿ, ಮೇ ತಿಂಗಳಲ್ಲಿ ಮಂಕಿ ಊರಿನ ಮದುವೆ ಹಾಲ್‌ನಲ್ಲಿ ಲಗ್ನ ಎಂದು ನಿಶ್ಚಯವಾಗಿತ್ತು. ಪತ್ರಿಕೆ ನಾನೇ ಮುದ್ರಿಸಿದ್ದು. ಆಹ್ವಾನಿಸುವವರು ಎಂಬಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಶ್ರೀಮತಿ ಗಂಗಾ ಎಂದು ಹಾಕಿದೆ.

ಹೆಸರು ಮೇಲಿತ್ತು. ಆಸಾಮಿ ಮಾತ್ರ ಮದುವೆಯ ಹೊತ್ತಿಗೆ ಹೆಣ್ಣಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರತಕ್ಕದ್ದು. ಗಂಡ ಇಲ್ಲದವಳು ಧಾರೆಯ ಹೊತ್ತಿಗೆ ಮಂಟಪದ ಕಡೆ ಸುಳಿಯಬಾರದಲ್ಲ. ಧಾರೆ ಎರೆಯಬೇಕಾದವರು ಸೋದರಮಾವ ಮತ್ತು ಅತ್ತೆ, ಅಂದರೆ ದೇವಪ್ಪ ಮತ್ತು ಅವನ ಹೆಂಡತಿ ಸೀತೆ. ಇದನ್ನು ಗಂಗಾಳಿಗೆ ಯಾರೂ ಹೇಳಲಿಲ್ಲ. ಅವಳೇ ಮೊದಲು ಬಾಯಿಬಿಟ್ಟು, ನಾನು ಒಳಗೆ ಕೂತಿರ್ತೆ ಅಂದಳಂತೆ. ಕೇಳಿ ನನಗೆ ಸಿಟ್ಟು ಬಂತು.

"ಯಾವ ಕಾಲದಲ್ಲಿ ಇದ್ರಿ ಮಾರಾಯಾ ನೀವು? ಹೊತ್ತು ಹೆತ್ತು ಸಾಕಿದವಳು ಒಳಗೆ, ಊರವರೆಲ್ಲ ಹೊರಗೆ. ಚೂರಾದ್ರೂ ನಾಚ್ಕೆ ಬೇಡನಾ?"

ದೇವಪ್ಪ ಸಿಟ್ಟಾಗಲಿಲ್ಲ. "ನಿಮ್ಮ ಮಗಳ ಲಗ್ನದಲ್ಲಿ ನಿಮ್ಮ ಅಕ್ಕ ಎಲ್ಲಿದ್ರು?" ಎಂದು ಕೇಳಿದ. "ವಿಡಿಯೋ ಮಾಡಿದ್ದು ನಾನೇ. ಅಡುಗೆ ಶೆಡ್ಡಿನಲ್ಲಿ ಇದ್ರು."

ಹೌದು, ಗಂಡ ತೀರಿಕೊಂಡಿದ್ದ ನನ್ನ ಅಕ್ಕ ಅಲ್ಲೇ ಇದ್ದಳು. ನಾನು ಕಾಗದ ಕತ್ತರಿಸಲು ತಿರುಗಿದೆ.

ಗಂಗಾ ಅಣ್ಣನ ಹತ್ತಿರ ಕೇಳಿಕೊಂಡದ್ದು ಒಂದೇ. "ಧಾರೆ ನಂಗೆ ಕಾಣ್ಬೇಕು ಅಣ್ಣ. ಆವತ್ತು ಅಲ್ಲದಿದ್ರೂ ಆಮೇಲೆ. ಫೋಟೋದಲ್ಲಿ ನೀರು ಬೀಳೂದಿಲ್ಲ, ನಿಂತೇ ಇರ್ತದೆ. ಅವಳ ಕೈಮೇಲೆ ನೀರು ಬೀಳೂದು ನೋಡ್ಬೇಕು ನಂಗೆ." ಆತು, ತೋರಸ್ತೆ ಎಂದು ದೇವಪ್ಪ ಮಾತು ಕೊಟ್ಟು ಬಂದಿದ್ದ. ಮಾತು ಕೊಟ್ಟ ಮೇಲೆ ಅವನಿಗೆ ಹೊಳೆದದ್ದು, ಧಾರೆ ಎರೆಯುವವನೂ ತಾನೇ, ವಿಡಿಯೋ ಮಾಡುವವನೂ ತಾನೇ ಎಂದು. ಬೇರೆಯವರನ್ನು ಕರೆಯೋಣವೆಂದರೆ ಆ ದಿನ ಇಡೀ ಮೇ ತಿಂಗಳಿಗೇ ಒಳ್ಳೆಯ ಮುಹೂರ್ತ. ಅದೇ ತಾರೀಖಿನ ಹದಿನಾರು ಪತ್ರಿಕೆ ನನ್ನೊಬ್ಬನ ಪ್ರೆಸ್ಸಿನಿಂದಲೇ ಹೋಗಿತ್ತು. ಕುಮಟೆಯಿಂದ ಭಟ್ಕಳದವರೆಗೆ ವಿಡಿಯೋದವರೆಲ್ಲ ಯುಗಾದಿಗೆ ಮೊದಲೇ ಮಾತಾಗಿದ್ದರು. ಇಡಗುಂಜಿಯ ಒಬ್ಬ ಫೋಟೋದವನು ಸಿಕ್ಕಿದ್ದೇ ಪುಣ್ಯ.

ಹಾಗಾಗಿ ದೇವಪ್ಪನಿಗೆ ಬೇಕಾದದ್ದು ಹಗುರವಾದ ಕ್ಯಾಮೆರಾ ಮಾತ್ರ ಅಲ್ಲ. ಮಂಟಪದ ಎದುರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೋದರೆ, ಯಾರೂ ಮುಟ್ಟದೆ, ತನ್ನಷ್ಟಕ್ಕೆ ಒಂದು ಗಂಟೆ ನಿಲ್ಲದೆ ಓಡುವ ಕ್ಯಾಮೆರಾ ಬೇಕಿತ್ತು.

ಮೊದಲು ಕುಮಟೆಗೆ ಹೋದೆವು, ಶಿಶಿರನ ಹತ್ತಿರ. ಇಪ್ಪತ್ತೆಂಟರ ಈ ಶಿಶಿರ ಈಗ ದೇವಪ್ಪನ ಅರ್ಧ ಗಿರಾಕಿಗಳನ್ನು ಎಳೆದುಕೊಂಡವನು. ಮದುವೆಗೆ ಮೊದಲೇ ಗಂಡುಹೆಣ್ಣನ್ನು ಓಂ ಬೀಚಿಗೆ ಕರೆದುಕೊಂಡು ಹೋಗಿ ಓಡಿಸಿ, ಹಾರಿಸಿ, ಮೂರು ನಿಮಿಷದ ಸಿನೆಮಾ ಮಾಡಿಕೊಡುತ್ತಾನೆ. ಹುಡುಗ ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿ, ಲಿಂಬು ಸೋಡಾ ತರಿಸಿ, ತನ್ನ ಕ್ಯಾಮೆರಾವನ್ನು ದೇವಪ್ಪನ ಎಡಗೈಯಲ್ಲಿಟ್ಟ. ಒಂದು ತೆಂಗಿನಕಾಯಿಯಷ್ಟೂ ಭಾರವಿರಲಿಲ್ಲ. ದೇವಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಉಳಿದದ್ದು ಎಲ್ಲಿ?" ಎಂದು ಕೇಳಿದ.

ಶಿಶಿರ ನಗುತ್ತ ತನ್ನ ಒಂದು ವಿಡಿಯೋ ಹಾಕಿ ತೋರಿಸಿದ. ಮದುಮಗಳ ಕಣ್ಣಿನ ರೆಪ್ಪೆ ಒಂದೊಂದೇ ಎಣಿಸುವಷ್ಟು ಸ್ಪಷ್ಟ. ಅವಳ ಹಿಂದಿನವರೆಲ್ಲ ಬಣ್ಣದ ಹೊಗೆ.

"ಹಿಂದೆ ನಿಂತವರು ಯಾರು ಇವರು?" ದೇವಪ್ಪ ಕೇಳಿದ.

"ಅದು ಬ್ಲರ್ ದೇವಪ್ಪಣ್ಣ. ಈಗ ಎಲ್ಲರೂ ಅದನ್ನೇ ಕೇಳ್ತಾರೆ. ಹಿಂದಿನವರು ಕಂಡ್ರೆ ಕಣ್ಣು ಅಲ್ಲಿಗೆ ಹೋಗ್ತದೆ."

"ಹೋಗ್ಲಿ ಬಿಡಾ. ಅವ್ರೂ ಬಸ್ಸಿಗೆ ನಿಂತು, ಹೊಸ ಸೀರೆ ಉಟ್ಕಂಡು ಬಂದವ್ರೇ ಅಲ್ವನಾ."

ಶಿಶಿರ ವಿಡಿಯೋ ಆರಿಸಿದ. ಆದರೆ ಕೆಲಸದ ಮಾತು ಪ್ರಾಮಾಣಿಕವಾಗಿ ಹೇಳಿದ. ಇಂಥ ಸಣ್ಣ ಕ್ಯಾಮೆರಾಗಳು ಮೂಲದಲ್ಲಿ ಫೋಟೋಕ್ಕಾಗಿ ಮಾಡಿದವು. ವಿಡಿಯೋಕ್ಕೆ ತೆಗೆದುಕೊಳ್ಳುವಾಗ ಬೆಲೆಯ ಚೀಟಿ ಆಮೇಲೆ ನೋಡಿ, ಮೊದಲು ಅದು ಎಷ್ಟು ಹೊತ್ತು ಓಡುತ್ತದೆ ನೋಡಿ ಎಂದ. ಕೆಲವು ಅರ್ಧ ಗಂಟೆಗೆ ಸರಿಯಾಗಿ ತಾವೇ ನಿಲ್ಲುತ್ತವೆ, ತಯಾರಿಸಿದವರೇ ಹಾಗೆ ಮಾಡಿಟ್ಟಿರುತ್ತಾರೆ. ಕೆಲವು ಬಿಸಿಯಾಗಿ ನಿಲ್ಲುತ್ತವೆ. ಹೊರಗಿನ ಮೈಕ್ ಸಿಕ್ಕಿಸಲು ಜಾಗ ಇದೆಯೋ ನೋಡಿ, ಇಲ್ಲದಿದ್ದರೆ ಮಂತ್ರದ ಬದಲು ಫ್ಯಾನಿನ ಸದ್ದು ಬರುತ್ತದೆ. ಮೆಮರಿ ಕಾರ್ಡು ಎರಡು ಹಾಕುವಂಥದ್ದೇ ತಗೊಳ್ಳಿ, ಒಂದು ಕೆಟ್ಟರೂ ಇನ್ನೊಂದರಲ್ಲಿ ಉಳಿದಿರುತ್ತದೆ. ದೇವಪ್ಪ ಇದನ್ನೆಲ್ಲ ನನ್ನ ಕೈಯಲ್ಲಿ ಬರೆಸಿದ. ಅವನ ಬಲಗೈಗೆ ಪೆನ್ನು ಕೂಡ ನೋವು ಕೊಡುತ್ತಿತ್ತು.

ಬರುವಾಗ ಬಸ್ಸಿನಲ್ಲಿ, ಹೊನ್ನಾವರ ಹತ್ತಿರವಾದಾಗ ಹೇಳಿದ. "ಕಲೀಬಹುದು ಶಾನಭಾಗರೆ. ಕಲಿಯೂದು ಕಷ್ಟ ಅಲ್ಲ. ಇನ್ನೊಂದು ಸಲ ಕಲಿಯೂಕೆ ಮನಸ್ಸಿಲ್ಲ."

ಏಪ್ರಿಲ್ ಮೊದಲ ವಾರ ಭಟ್ಕಳಕ್ಕೆ ಹೋದೆವು. ಅಲ್ಲಿ ಮೀರಾನ್ ಸಾಹೇಬರ ಅಂಗಡಿ ಇದೆ. ಅವರ ಮನೆಯ ಮೂರು ಜನ ದುಬೈಯಲ್ಲಿರುವುದರಿಂದ ಹೊಸದು, ಹಳೆಯದು ಎಲ್ಲ ಬಗೆಯ ಕ್ಯಾಮೆರಾ ಅವರಲ್ಲಿ ಸಿಗುತ್ತದೆ. ದೇವಪ್ಪನ ಮೊದಲ ಕ್ಯಾಮೆರಾ ಕೂಡ ಅವರ ತಂದೆಯ ಕಾಲದಲ್ಲಿ ಅಲ್ಲಿಂದಲೇ ಬಂದದ್ದು. ಅಂಗಡಿಯೊಳಗೆ ಎಸಿ ಹಾಕಿ ತಂಪಾಗಿತ್ತು. ಸಾಹೇಬರು ಮೂರು ಕ್ಯಾಮೆರಾಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರು. ಮೂರೂ ಚಂದ, ಮೂರೂ ಹಗುರ.

"ಇಲ್ಲಿ ಎಲ್ಲವೂ ಓಡ್ತದೆ ಸಾಹೇಬ್ರೆ," ದೇವಪ್ಪ ಹೇಳಿದ. "ಮಂಕಿ ಹಾಲ್‌ನಲ್ಲಿ ಎಸಿ ಇಲ್ಲ. ತಗಡಿನ ಮಾಡು. ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ಇಡ್ತ್ರಾ? ಒಂದು ತಾಸು?"

ಕ್ಯಾಮೆರಾವನ್ನು ಹಪ್ಪಳದ ಹಾಗೆ ಬಿಸಿಲಿಗೆ ಹಾಕುವ ಗಿರಾಕಿಯನ್ನು ಸಾಹೇಬರು ಈವರೆಗೆ ಕಂಡಿರಲಿಕ್ಕಿಲ್ಲ. ನನ್ನ ಮುಖ ನೋಡಿದರು. ನಾನೇನು ಹೇಳಲಿ? ಕೊನೆಗೆ, "ಅರೆ, ನಿಮ್ಮದು ನ್ಯಾಯದ ಮಾತು ದೇವಪ್ಪಣ್ಣ, ಇಡೋಣ," ಎಂದು ಮೂರನ್ನೂ ಹೊರಗೆ ತಂದು ಚಾಲೂ ಮಾಡಿ, ಚಹಾ ಹೇಳಿದರು. ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ಮೊದಲನೆಯದು ಇಪ್ಪತ್ತೆರಡು ನಿಮಿಷಕ್ಕೆ, ಮೈ ಬಿಸಿಯಾಗಿದೆ ಎಂದು ಪರದೆಯ ಮೇಲೆ ತಿಳಿಸಿ ಆರಿಹೋಯಿತು. ಎರಡನೆಯದು ಅರ್ಧ ಗಂಟೆಗೆ ಸರಿಯಾಗಿ, ಆಫೀಸು ಮುಗಿಸಿ ಏಳುವ ಗುಮಾಸ್ತನ ಹಾಗೆ, ನಿಂತಿತು. ಮೂರನೆಯದು ಹಳೆಯ ಮಾದರಿ, ಯಾರೋ ದುಬೈಯಲ್ಲಿ ಎರಡು ವರ್ಷ ಬಳಸಿ ಬಿಟ್ಟದ್ದು, ಮೂಲೆಯ ಬಣ್ಣ ಹೋಗಿತ್ತು. ಅದು ಒಂದು ಗಂಟೆ ಹತ್ತು ನಿಮಿಷ ಓಡಿತು, ನಾವೇ ನಿಲ್ಲಿಸುವವರೆಗೂ. ಮುಟ್ಟಿದರೆ ಕೈ ಸುಡುತ್ತಿತ್ತು.

"ಇದೇ ಆತು," ಎಂದ ದೇವಪ್ಪ. ಆ ಚಳಿಗಾಲದಿಂದ ಅವನ ಮುಖದಲ್ಲಿ ನಗು ಕಂಡದ್ದು ಅಂದೇ.

ಹಾಲ್‌ನ ಮಂಟಪದಲ್ಲಿ ಬೆಳಕು ಕಡಿಮೆ ಎಂದು ಕೇಳಿ ಸಾಹೇಬರು ಅದಕ್ಕೆ ಕತ್ತಲಲ್ಲೂ ಚಲೋ ಕಾಣುವ ಒಂದು ಲೆನ್ಸು ಹಾಕಿಕೊಟ್ಟರು. ಹಿಡಿದ ಮುಖದ ಹಿಂದೆ ಮುಂದೆ ಇದ್ದದ್ದು ಸ್ವಲ್ಪ ಮಸುಕಾಗುತ್ತದೆ, ಆದರೆ ಇದಕ್ಕೆ ಮುಖ ಕಲಿಸಬಹುದು ಎಂದೂ ಹೇಳಿಕೊಟ್ಟರು. ಮದುಮಗಳ ಮುಖವನ್ನು ಒಮ್ಮೆ ತೋರಿಸಿ ಒಳಗೆ ಇಟ್ಟರೆ, ನೂರು ಜನ ಇದ್ದರೂ ಅದು ಅವಳನ್ನೇ ಹುಡುಕಿ ಹಿಡಿದುಕೊಳ್ಳುತ್ತದಂತೆ. ಇಲ್ಲದಿದ್ದರೆ ನಡುವೆ ಭಟ್ಟರ ತಲೆ ಬಂದರೆ ಭಟ್ಟರ ತಲೆಯನ್ನೇ ಹಿಡಿಯುತ್ತದೆ.

ಅದೇ ದಿನ ಸಂಜೆ ಶಿರಾಲಿಯಲ್ಲಿ ಇಳಿದು ಗಂಗಾಳ ಮನೆಗೆ ಹೋದೆವು. ಧನ್ಯಶ್ರೀಯನ್ನು ಬಾಗಿಲಿನ ಬೆಳಕಿಗೆ ನಿಲ್ಲಿಸಿ ದೇವಪ್ಪ ಕ್ಯಾಮೆರಾಕ್ಕೆ ಅವಳ ಮುಖ ಕಲಿಸಿದ. ಗಂಗಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಾಯಿಯದೂ ಮಗಳದೂ ಒಂದೇ ಅಚ್ಚು, ಅದೇ ಹಣೆ, ಅದೇ ಮೂಗು. ವಯಸ್ಸಿನ ವ್ಯತ್ಯಾಸ ಬಿಟ್ಟರೆ ಬೇರೆ ಏನೂ ಇಲ್ಲ. ನೀನೂ ಬಾ ಇತ್ಲಾಗೆ, ಒಂದು ತೆಗೀತೆ ಎಂದು ಅಣ್ಣ ಕರೆದ. ಅವಳು, ನಂದು ಎಂತಕ್ಕೆ, ಒಲೆ ಮೇಲೆ ಹಾಲು ಅದೆ ಎಂದು ಒಳಗೆ ಹೋದಳು.

ಮದುವೆಯ ದಿನ ಬೆಳಗ್ಗೆ ಏಳಕ್ಕೇ ದೇವಪ್ಪ ಹಾಲ್‌ನಲ್ಲಿದ್ದ. ಮಂಟಪದ ಎದುರು ಜಾಗ ಅಳೆದು, ಸ್ಟ್ಯಾಂಡಿನ ಕಾಲಿನ ಸುತ್ತ ಸುಣ್ಣದಲ್ಲಿ ಗೆರೆ ಹಾಕಿದ. ಯಾರ ಮೈಯೂ ಅಡ್ಡ ಬರಬಾರದೆಂದು ಭಟ್ಟರ ಬಾಯಲ್ಲಿ ಮೈಕಿನಲ್ಲಿ ಹೇಳಿಸಿದ. ಧಾರೆಯ ಹೊತ್ತಿಗೆ ಯಾರೂ ಮೊಬೈಲ್ ಹಿಡಿದುಕೊಂಡು ಮೇಲೆ ಬರಬೇಡಿ, ಹುಡುಗಿಯ ಮಾವನೇ ವಿಡಿಯೋ ಇಟ್ಟಿದ್ದಾರೆ, ಎಲ್ಲರಿಗೂ ಕಳಿಸುತ್ತಾರೆ ಎಂದು. ಜನ ಕೇಳಿದರು, ಆಶ್ಚರ್ಯ. ಇಡಗುಂಜಿಯ ಫೋಟೋದವನು ಮಾತ್ರ ಬದಿಯಲ್ಲಿ ನಿಂತಿದ್ದ.

ನನಗೂ ಒಂದು ಕೆಲಸ ಬಂತು. ದೇವಪ್ಪ ನನ್ನನ್ನು ಕ್ಯಾಮೆರಾದ ಹಿಂದೆ ಕುರ್ಚಿ ಹಾಕಿ ಕೂರಿಸಿದ. "ನೀವು ಎಂತದೂ ಮುಟ್ಟಬೇಡಿ. ಈ ಕೆಂಪು ಚುಕ್ಕಿ ಅದೆಯಲ್ಲ, ಅದು ಆರದೆ ಇದ್ರೆ ಆತು. ಆರಿದ್ರೆ ನನ್ನ ಕೂಗಿ, ಭಟ್ಟರು ಮಂತ್ರ ಹೇಳ್ತಾ ಇದ್ರೂ ಅಡ್ಡಿಲ್ಲ." ಅಷ್ಟು ಹೇಳಿ ಪಂಚೆ ಸರಿಮಾಡಿಕೊಂಡು ಸೀತೆಯ ಜೊತೆ ಮೇಲೆ ಹೋಗಿ ಕೂತ.

ನಾನು ಕೆಂಪು ಚುಕ್ಕಿ ನೋಡಿದೆ. ನನ್ನಂಥ ಹುಂಬ ಇನ್ನೊಬ್ಬನಿಲ್ಲ. ಐವತ್ತು ನಿಮಿಷ ನಾನು ಆ ಚುಕ್ಕಿಯನ್ನೇ ನೋಡಿದೆ. ಪತ್ರಿಕೆಯಲ್ಲಿ ಒಂದು ಕೊಂಬು ತಪ್ಪಿದರೆ ಹಿಡಿಯುವ ಈ ಕಣ್ಣು, ಆ ಚುಕ್ಕಿಯ ಪಕ್ಕದ ಪರದೆಯಲ್ಲಿ ಏನು ಮೂಡುತ್ತಿದೆ ಎಂದು ಒಮ್ಮೆಯೂ ನೋಡಲಿಲ್ಲ. ಎದುರಿಗೆ ಧನ್ಯಶ್ರೀ ತಲೆ ತಗ್ಗಿಸಿ ಕೂತದ್ದು, ಬಾಸಿಂಗದಿಂದ ಇಳಿದ ಹೂವಿನ ಜಲ್ಲಿ ಅವಳ ಮುಖಕ್ಕೆ ಬಿದ್ದದ್ದು, ದೇವಪ್ಪ ನೋಯುವ ಬಲಗೈಗೆ ಎಡಗೈ ಆಸರೆ ಕೊಟ್ಟು ತಂಬಿಗೆ ಬಗ್ಗಿಸಿದ್ದು, ನೀರು ಬಿದ್ದದ್ದು, ಇದೆಲ್ಲ ವಾಲಗದ ಸದ್ದಿನ ನಡುವೆ ಅಷ್ಟಿಷ್ಟು ಕಂಡಿತು. ಚುಕ್ಕಿ ಆರಲಿಲ್ಲ. ಕೆಲಸ ಗೆದ್ದೆ ಎಂದು ಹೋಗಿ ಊಟಕ್ಕೆ ಕೂತೆ.

ನಾಲ್ಕು ದಿನ ಕಳೆದ ಮೇಲೆ ದೇವಪ್ಪ ನನ್ನ ಅಂಗಡಿಗೆ ಬಂದು, "ಬರ್ರಿ ಇಲ್ಲಿ," ಎಂದಷ್ಟೇ ಹೇಳಿ ಹೊರಟುಹೋದ. ಸ್ಟುಡಿಯೋದಲ್ಲಿ ಕಂಪ್ಯೂಟರಿನ ಎದುರು ಕೂರಿಸಿ ವಿಡಿಯೋ ಹಾಕಿದ.

ಮೊದಲ ಹತ್ತು ನಿಮಿಷ ಎಲ್ಲ ಸರಿ. ಆಮೇಲೆ ಧನ್ಯಶ್ರೀ ತಲೆ ತಗ್ಗಿಸಿದಳು, ಹೂವಿನ ಜಲ್ಲಿ ಮುಖ ಮುಚ್ಚಿತು. ಕ್ಯಾಮೆರಾ ತಡವರಿಸಿ ಕಲಿತ ಮುಖವನ್ನು ಹುಡುಕಿತು. ಮಂಟಪದ ಹಿಂದೆ, ಹೂವಿನ ಪರದೆಯ ಬದಿಗೆ, ಹೆಣ್ಣಿನ ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ಅಲ್ಲಿ ಗಂಗಾ ನಿಂತಿದ್ದಳು. ಕ್ಯಾಮೆರಾಕ್ಕೆ ಬೇಕಾದ ಹಣೆ, ಬೇಕಾದ ಮೂಗು ಅಲ್ಲಿತ್ತು. ಅದು ಅವಳನ್ನು ಹಿಡಿದುಕೊಂಡಿತು. ಮತ್ತೆ ಬಿಡಲೇ ಇಲ್ಲ.

ಮಂಟಪದಲ್ಲಿದ್ದವರೆಲ್ಲ ಮಸುಕಾಗಿ ಹೋದರು. ಕೆಂಪು ಮಸುಕು ಧನ್ಯಶ್ರೀ, ಬಿಳಿ ಮಸುಕು ದೇವಪ್ಪ, ಹಸಿರು ಮಸುಕು ಸೀತೆ. ಅವರ ನಡುವಿನ ಸಂದಿಯಲ್ಲಿ, ದೂರದಲ್ಲಿ, ಗಂಗಾಳ ಮುಖ ಕನ್ನಡಿಯಷ್ಟು ಸ್ವಚ್ಛ. ಮಾಸಿದ ನೀಲಿ ಸೀರೆ, ಕೈಯಲ್ಲಿ ಯಾರೋ ಕುಡಿದಿಟ್ಟ ಖಾಲಿ ಲೋಟ. ವಾಲಗ ಜೋರಾಯಿತು. ಬಿಳಿ ಮಸುಕಿನ ಕೈ ಮೇಲೆದ್ದಿತು. ಆಗ ಗಂಗಾ ತನ್ನ ಕೈಯಲ್ಲಿದ್ದ ಖಾಲಿ ಲೋಟವನ್ನು ಮೆಲ್ಲಗೆ, ತುಂಬಿದ ತಂಬಿಗೆಯನ್ನು ಬಗ್ಗಿಸುವ ಹಾಗೆ, ಬಗ್ಗಿಸಿದಳು. ಪೂರ್ತಿ ಬಗ್ಗಿಸಿದಳು. ಆಮೇಲೆ ಬಾಗಿಲ ಚೌಕಟ್ಟಿಗೆ ತಲೆಯಿಟ್ಟು ಅತ್ತಳು.

"ದೇವಪ್ಪ, ನಾನು ಬರೇ ಚುಕ್ಕಿ ನೋಡ್ದೆ ಮಾರಾಯಾ," ಎಂದೆ.

"ನಾನೇ ಹೇಳಿದ್ದಲ್ವನಾ," ಎಂದ. "ಬಾಗಿಲು ನಾ ನೋಡಿದ್ದೆ. ಹಾಕಿತ್ತು. ಅವಳು ತೆಗೀತಾಳೆ ಅಂತ ಹೊಳೀಲಿಲ್ಲ." ವಿಡಿಯೋ ನಿಲ್ಲಿಸಿ, "ಇಪ್ಪತ್ತಾರು ವರ್ಷದಲ್ಲಿ ಒಂದೂ ಧಾರೆ ತಪ್ಪಿಸ್ದವನಲ್ಲ ನಾನು. ತಪ್ಪಿದ್ದು ಮನೇದೇ," ಎಂದ.

ಇನ್ನೆರಡು ದಿನಕ್ಕೆ ಗಂಗಾ ಬಂದಳು. ಶಾಲೆಗೆ ರಜೆ, ಮಧ್ಯಾಹ್ನದ ಬಸ್ಸಿಗೆ ಇಳಿದು, ಬಿಸಿಲಲ್ಲಿ ನಡೆದು ಬಂದಿದ್ದಳು. ಬಂದವಳೇ, "ಧಾರೆ ಹಾಕು ಅಣ್ಣ," ಎಂದಳು. ದೇವಪ್ಪ ನೀರು ಕೊಟ್ಟ, ಊಟ ಕೇಳಿದ, ಕರೆಂಟು ಹೋಗಬಹುದು ಎಂದ. ಅವಳು ಕುರ್ಚಿಯಿಂದ ಏಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತೆ. ಅಲ್ಲಿಂದ ಹೋಗಬೇಕಿತ್ತು, ಹೋಗಲಿಲ್ಲ.

ವಿಡಿಯೋ ಶುರುವಾದಾಗ ಅವಳು ಪರದೆಯ ಹತ್ತಿರಕ್ಕೆ ಸರಿದಳು. ಮಸುಕಾದ ಮೇಲೂ ಅವಳು ನೋಡಿದ್ದು ಮಸುಕನ್ನೇ. ಬೆರಳಿಟ್ಟು ಹುಡುಕಿದಳು. "ಇದು ಧನ್ಯ. ಇದು ನಿನ್ನ ಕೈ ಅಲ್ವನಾ ಅಣ್ಣ? ನೀರು ಎಲ್ಲಿ?" ಅವಳ ಬೆರಳು ಬಿಳಿ ಕೆಂಪು ಬಣ್ಣಗಳ ಮೇಲೆ ನೀರು ಹುಡುಕುತ್ತಿದ್ದ ಹಾಗೇ, ಅದರ ಮೇಲುಗಡೆ, ಪರದೆಯೊಳಗಿನ ಅವಳು ಲೋಟ ಬಗ್ಗಿಸಿದಳು. ಆಗ ಅವಳು ತನ್ನನ್ನೇ ಕಂಡಳು. ಬೆರಳು ಅಲ್ಲೇ ನಿಂತಿತು.

"ನಿಲ್ಸು," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಯಾರಾದ್ರೂ ನೋಡಿದ್ರಾ?"

"ನಾನು. ಶಾನಭಾಗರು. ಮತ್ತೆ ಯಾರೂ ಇಲ್ಲ."

"ಅಳಸು ಅಣ್ಣ."

ಎಂತಕ್ಕೆ ಎಂದು ದೇವಪ್ಪ ಕೇಳಿದ.

"ಬೀಗರು ಕೇಳ್ತ್ರು ವಿಡಿಯೋ. ಮುಹೂರ್ತಕ್ಕೆ ಸರಿಯಾಗಿ ನಾ ಬಾಗಿಲಲ್ಲಿ ನಿಂತದ್ದು ಕಾಣ್ತದೆ. ನಾಳೆ ಅಲ್ಲಿ ಯಾರಿಗೆ ಜ್ವರ ಬಂದ್ರೂ, ಬಸುರಿ ಆಗೂದು ಒಂದು ವರ್ಷ ತಡ ಆದ್ರೂ, ಇದನ್ನ ತೆಗೀತ್ರು. ಧನ್ಯಂಗೆ ತಾಗ್ತದೆ. ನಂಗೆ ತಾಗೂದಾದ್ರೆ ಅಡ್ಡಿಲ್ಲ."

"ಅಷ್ಟು ಮಟ್ಟಿಗೆ ಕೆಟ್ಟವ್ರಲ್ಲ ಅವ್ರು," ಎಂದು ನಾನು ನಡುವೆ ಬಾಯಿ ಹಾಕಿದೆ.

"ಒಳ್ಳೇವ್ರೇ ಶಾನಭಾಗರೆ. ಒಳ್ಳೇವ್ರಿಗೂ ನೆನಪಿರ್ತದೆ," ಎಂದಳು. ಸಿಟ್ಟಿಲ್ಲ, ದೂರಿಲ್ಲ, ದಿನಾ ಹೊರುವ ಕೊಡದ ಮಾತು ಹೇಳಿದ ಹಾಗೆ ಹೇಳಿದಳು. ನನ್ನ ಅಕ್ಕನೂ ಹೀಗೆಯೇ ತಾನಾಗಿ ಎದ್ದು ಅಡುಗೆ ಶೆಡ್ಡಿಗೆ ಹೋಗಿದ್ದಳು. ನಾನು ಕರೆದಿರಲಿಲ್ಲ.

ದೇವಪ್ಪ ಅದನ್ನಷ್ಟೇ ಕತ್ತರಿಸುತ್ತೇನೆ ಎಂದ. ಎಲ್ಲಿ ಕತ್ತರಿಸುವುದು? ನಲವತ್ತು ನಿಮಿಷವೂ ಅವಳೇ. ಬರೇ ನಮ್ಮ ಹತ್ತಿರ ಇಟ್ಟುಕೊಳ್ಳೋಣ ಎಂದ. ಬೇಡ, ಇದ್ದದ್ದು ಒಂದಲ್ಲ ಒಂದು ದಿನ ಹೊರಗೆ ಬರ್ತದೆ, ನೀನೇ ಎಷ್ಟು ಜನರಿಗೆ ಸತ್ತವ್ರನ್ನ ತೆಗೆದು ತೋರಸಿದ್ದೆ ಎಂದಳು. ಧನ್ಯಶ್ರೀಗೂ ಹೇಳಬಾರದು ಎಂದು ಅಣ್ಣನ ಕೈ ಹಿಡಿದು ಮಾತು ತೆಗೆದುಕೊಂಡಳು. ಅವಳು ಖುಷಿಯಲ್ಲಿ ಗಂಡನ ಹತ್ತಿರ ಬಾಯಿ ಬಿಡುತ್ತಾಳೆ ಎಂದು.

ಆಮೇಲೆ, "ಇನ್ನೊಂದ್ಸಲ ಹಾಕು. ನೋಡ್ಕಂಡು ಅಳಸು," ಎಂದಳು.

ಎರಡನೆಯ ಸಲ ಅವಳು ಮಸುಕಿನ ಮೇಲೆ ಬೆರಳಿಡಲಿಲ್ಲ. ಕೈ ಮಡಿಲಲ್ಲಿಟ್ಟು, ಬಾಗಿಲ ಬಳಿ ನಿಂತ ಹೆಂಗಸನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ಮುಗಿದ ಮೇಲೆ ದೇವಪ್ಪ ಕಂಪ್ಯೂಟರಿನಿಂದ ಅಳಿಸಿದ. ಕ್ಯಾಮೆರಾ ತೆಗೆದು ಮೊದಲ ಕಾರ್ಡಿನಿಂದ ಅಳಿಸಿದ. ಎರಡನೆಯ ಕಾರ್ಡಿನದನ್ನು ಅಳಿಸುವ ಹೊತ್ತಿಗೆ ಅವನ ಬಲಗೈ ಬೆರಳು ಜೋಮು ಹಿಡಿದು ಗುಂಡಿ ಸಿಗಲಿಲ್ಲ. ಗಂಗಾ ಕೈ ಚಾಚಿ, ಎಲ್ಲಿ ಒತ್ತಬೇಕು ಕೇಳಿ, ತಾನೇ ಒತ್ತಿದಳು. ನಾಲ್ಕೂವರೆಯ ಬಸ್ಸಿಗೆ ಹೋದಳು.

ಬೀಗರಿಗೆ ದೇವಪ್ಪ, ಸೆಕೆಗೆ ಕ್ಯಾಮೆರಾ ಕೆಟ್ಟು ನಿಂತಿತು, ನನ್ನದೇ ತಪ್ಪು ಎಂದು ಹೇಳಿದ. ಅವರು ಮರ್ಯಾದೆಯವರು, ಜೋರು ಮಾಡಲಿಲ್ಲ. ಆದರೆ ವಿಡಿಯೋ ದೇವಪ್ಪ ತನ್ನ ಸೊಸೆಯ ಧಾರೆಯನ್ನೇ ತಪ್ಪಿಸಿದನಂತೆ ಎಂಬ ಸುದ್ದಿ ಕುಮಟೆಯಿಂದ ಹೊನ್ನಾವರಕ್ಕೆ ಅವನಿಗಿಂತ ಮೊದಲು ಬಂತು. ಮಾರ್ಗಶಿರಕ್ಕೆಂದು ಮಾತಾಗಿದ್ದ ಎರಡು ಮದುವೆಗಳು ಶಿಶಿರನಿಗೆ ಹೋದವು.

ಗಂಗಾ ಬಂದುಹೋದ ವಾರದ ಕೊನೆಗೆ, ಮಧ್ಯಾಹ್ನ, ದೇವಪ್ಪ ನನ್ನ ಕಾಗದದ ಬಂಡಲಿನ ಮೇಲೆ ಕೂತಿದ್ದಾಗ ಫೋನು ಬಂತು. ಕಿವಿಯವರೆಗೆ ಫೋನು ಎತ್ತಿ ಹಿಡಿಯಲಾರದೆ ಅವನು ಅದನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ ಮಾತಾಡುತ್ತಾನೆ. ಧನ್ಯಶ್ರೀ.

"ಮಾವ, ಧಾರೆ ಬರ್ಲಿಲ್ಲ ಅಂತ ನೀ ಬೇಜಾರು ಮಾಡ್ಕಬೇಡ. ಇಲ್ಲಿ ನಾ ಹೇಳ್ತೆ ಇವ್ರಿಗೆಲ್ಲ."

"ಆತು ಮಗಾ."

"ನಂಗೆ ಒಂದೇ ಹೇಳು. ಕ್ಯಾಮೆರಾ ನಿಲ್ಲೂಕಿಂತ ಮುಂಚೆ ಅಮ್ಮ ಎಲ್ಲಾದ್ರೂ ಬಂದಿದ್ಳನಾ ಅದರಲ್ಲಿ? ಮೂಲೇಲಾದ್ರೂ ಅಡ್ಡಿಲ್ಲ. ನೀರು ಬೀಳೂ ಹೊತ್ತಿಗೆ ನನ್ನ ಹಿಂದೆ ಯಾರೋ ನಿಂತಂಗೆ ಆತು ಮಾವ. ತಿರುಗಿ ನೋಡೂಕೆ ಭಟ್ರು ಬಿಡ್ಲಿಲ್ಲ."

ದೇವಪ್ಪ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ.

"ಇಲ್ಲ ಮಗಾ," ಎಂದ. "ಯಾರೂ ಇರ್ಲಿಲ್ಲ."

ಆ ಕಡೆಯಿಂದ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು.

"ನಂಗೆ ಹಾಗೆ ಅನ್ಸಿತ್ತು, ಅಷ್ಟೆ," ಎಂದು ಹೇಳಿ ಅವಳು ಫೋನಿಟ್ಟಳು.